ಬೀರಣ್ಣ ಗುಂಡು ಹಾರಿಸಿದನೇ?

ಪರದೆಯ ಮೇಲೆ ಬಂದೂಕು ಎತ್ತಿ ನಿಂತಿದ್ದ ಸಿಪಾಯಿ ಫಕ್ಕನೆ ಮಾಯವಾದ. ಅವನ ಜಾಗದಲ್ಲಿ ಜರಿಲಂಗ ತೊಟ್ಟ ಹುಡುಗಿಯರ ದಂಡೊಂದು ಢೋಲಕಿನ ತಾಳಕ್ಕೆ ಕುಣಿಯತೊಡಗಿತು.

ಟೆಂಟಿನೊಳಗೆ ನೆಲದಲ್ಲಿ ಕೂತವರೆಲ್ಲ ಎದ್ದು ನಿಂತರು. ಸಿಳ್ಳೆ, ಕೂಗು, ಗಾಳಿಯಲ್ಲಿ ಒಂದೆರಡು ಚಪ್ಪಲಿ.

"ಏ ರಸೂಲ್ಯಾ! ಏನ್ ಹಚ್ಚೀಯೋ ಲೇ?"

ಪರದೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಮೈಕು ಹಿಡಿದು ಕೂತಿದ್ದ ಪ್ರಮಿಲಾ ಪ್ರೊಜೆಕ್ಟರ್ ನಡೆಸುತ್ತಿದ್ದ ರಸೂಲನ ಕಡೆ ತಿರುಗಿ ನೋಡಿದಳು.

ಅವತ್ತು ಅಫಜಲಪುರದ ಟೂರಿಂಗ್ ಟಾಕೀಜಿಗೆ ಬರಬೇಕಾಗಿದ್ದದ್ದು ಪುರಾಣದ ಪಿಕ್ಚರು. ಸೊಲ್ಲಾಪುರದಿಂದ ಬಸ್ಸಿನ ಟಾಪಿನ ಮೇಲೆ ಬಂದ ಮೊದಲ ಡಬ್ಬಿ ತೆರೆದರೆ ಒಳಗಿದ್ದದ್ದು ಯಾವುದೋ ಪರದೇಶದ ಯುದ್ಧದ ಚಿತ್ರ. ಮಾತು ಯಾರಿಗೂ ತಿಳಿಯದ ಭಾಷೆ, ಅಡಿಯಲ್ಲಿ ಬಂದು ಬಂದು ಓಡಿಹೋಗುವ ಇಂಗ್ಲಿಷ್ ಅಕ್ಷರ. ಜನ ಆಗಲೇ ಟಿಕೀಟು ತಗೊಂಡು ಕೂತಿದ್ದರು. ಟೆಂಟಿನ ಮಾಲಕಿ ವತ್ಸಲಾಬಾಯಿ ಮನೆಗೆ ಓಡಿ ತನ್ನ ಅಕ್ಕನ ಮಗಳನ್ನು ಕೈಹಿಡಿದು ಎಳೆದು ತಂದಿದ್ದಳು. "ಬಿ.ಎ. ಮಾಡೀಯಲ್ಲ, ಓದಿ ಹೇಳಬೇ ಪಮ್ಮಿ. ಇಲ್ಲಂದ್ರ ಇವತ್ತ ನನ್ನ ಟೆಂಟ್ ಉಳಿಯಂಗಿಲ್ಲ."

ತಾಯಿ ತೀರಿದ ಮೇಲೆ ತನ್ನನ್ನು ಬೆಳೆಸಿದ ಮಾವಶಿಯ ಮಾತು. ಪ್ರಮಿಲಾ ಮೈಕು ಹಿಡಿದಳು. ಚಿತ್ರದ ಸಿಪಾಯಿಯ ಹೆಸರು ನಾಲಿಗೆಗೆ ಹೊರಳದೇ ಹೋದಾಗ, "ನಾವು ಇವಗ ಬೀರಣ್ಣ ಅನ್ನೋಣ್ರಿ" ಅಂದಳು. ಜನ ಹೋ ಅಂದಿತು. ಅಲ್ಲಿಂದ ಕಥೆ ಸುಸೂತ್ರವಾಗಿ ಓಡಿತು. ಬೀರಣ್ಣ ತಾಯಿಗೆ ನಮಸ್ಕಾರ ಮಾಡಿ ಲಡಾಯಿಗೆ ಹೋದ. ಮೊದಲ ದಿನವೇ ಅವನ ಗೆಳೆಯ ಸತ್ತ. ವೈರಿ ಯಾರೇ ಸಿಕ್ಕರೂ ಜೀವಂತ ಬಿಡಬಾರದು ಅಂತ ಕ್ಯಾಪ್ಟನ್ ಹುಕುಂ ಮಾಡಿದ. ಕೊನೆಗೆ ಒಂದು ಮನೆಯ ಅಟ್ಟದ ಮೇಲೆ, ಹುಲ್ಲಿನ ನಡುವೆ, ಕಾಲಿಗೆ ಗಾಯವಾಗಿ ಹಸಿ ಬಟಾಟೆ ತಿನ್ನುತ್ತಾ ಅಡಗಿದ್ದ ವೈರಿ ಹುಡುಗನೊಬ್ಬ ಬೀರಣ್ಣನ ಕಣ್ಣಿಗೆ ಬಿದ್ದ. ಕೆಳಗಿನಿಂದ ಕ್ಯಾಪ್ಟನ್ ಕೂಗಿದ, ಮೇಲೆ ಯಾರಾದರೂ ಇದ್ದಾರೇನು? ಬೀರಣ್ಣ ಬಂದೂಕು ಎತ್ತಿದ.

ಅಷ್ಟರಲ್ಲಿ ಈ ಕುಣಿತ. ಕೊನೆಯ ಡಬ್ಬಿಯಲ್ಲಿ ಯಾರೋ ಯಾವುದೋ ಹಿಂದಿ ಚಿತ್ರದ ರೀಲು ತುಂಬಿ ಕಳಿಸಿದ್ದರು.

ಕುರ್ಚಿ ಮುರಿಯುವ ಸದ್ದು ಕೇಳುತ್ತಲೇ ಪ್ರಮಿಲಾ ಮೈಕಿನಲ್ಲಿ ಕಿರುಚಿಬಿಟ್ಟಳು.

"ಢಂ! ಹೊಡದೇಬಿಟ್ಟ ನೋಡ್ರೆಪಾ ನಮ್ಮ ಬೀರಣ್ಣ! ವೈರಿ ಸತ್ತ! ಲಡಾಯಿ ಮುಗೀತು! ಅದಕ್ಕ ಊರಾಗಿನ ಹುಡುಗ್ಯಾರೆಲ್ಲ ಹ್ಯಾಂಗ ಕುಣ್ಯಾಕತ್ತಾರ ನೋಡ್ರಿ!"

ನಗೆ ಸಿಡಿಯಿತು. ಎದ್ದವರು ಹೊಟ್ಟೆ ಹಿಡಿದುಕೊಂಡು ಕೂತರು. ಚಪ್ಪಾಳೆಯ ನಡುವೆ ಒಂದು ದನಿ ಮಾತ್ರ ನಗಲಿಲ್ಲ.

"ಅಂವ ಹೊಡದಿಲ್ರಿ."

ನೆಲದ ನಡುವೆ ಒಬ್ಬ ನಿಂತಿದ್ದ. ಪ್ರೊಜೆಕ್ಟರಿನ ಬೆಳಕು ಅವನ ಬೆನ್ನಿಗೆ ಬಿದ್ದು, ಅವನ ನೆರಳು ಕುಣಿಯುವ ಹುಡುಗಿಯರ ಮೇಲೆ ಉದ್ದಕ್ಕೆ ಚಾಚಿತ್ತು.

"ನಿಮಗ ಹ್ಯಾಂಗ ಗೊತ್ರಿ?" ಪ್ರಮಿಲಾ ಮೈಕಿನಲ್ಲೇ ಕೇಳಿದಳು. "ಪಿಕ್ಚರ್ ನೀವ್ ತಗದೀರೇನು?"

ಮತ್ತೆ ನಗೆ. ಅವನು ಕದಲಲಿಲ್ಲ.

"ಅವನ ಕಣ್ಣ ನೋಡಿದ್ರೇನು? ಹೊಡಿಯವ್ರ ಕಣ್ಣ ಹಂಗ ಇರಂಗಿಲ್ಲ."

ಅಷ್ಟು ಹೇಳಿ ಜನರನ್ನು ದಾಟುತ್ತಾ ಹೊರಗೆ ನಡೆದ. ಬಾಗಿಲ ಬಲ್ಬಿನ ಕೆಳಗೆ ಒಂದು ಕ್ಷಣ ಅವನ ಮುಖ ಕಂಡಿತು. ಸಣ್ಣಗೆ ಕತ್ತರಿಸಿದ ಕೂದಲು, ಬಿಗಿದ ದವಡೆ. ಎತ್ತರದ ಆ ಮನುಷ್ಯ ಕೋಪದಿಂದ ಹೋದನೋ ನೋವಿನಿಂದ ಹೋದನೋ ಪ್ರಮಿಲಾಗೆ ಗೊತ್ತಾಗಲಿಲ್ಲ.

"ಯಾರ್ರಿ ಅದು?" ಹೆಂಗಸರು ಕೂರುವ ಕಡೆಯ ಅಡ್ಡಪರದೆಯ ಬಳಿ ಶೇಂಗಾ ಮಾರುತ್ತಿದ್ದ ಖುರ್ಷಿದಳನ್ನು ಕೇಳಿದಳು.

"ಗಾಣಗಾಪುರದ ಪೂಜಾರಿಗೋಳ ಮಗ, ವ್ಯಂಕಟೇಶ. ಇಲ್ಲಿ ಅಕ್ಕನ ಮನಿಗೆ ಬಂದಾನ. ಮಿಲ್ಟ್ರಿಯಾಗ ಅದಾನ ಬೇಟಿ. ಎಪ್ಪತ್ತೊಂದರ ಲಡಾಯಿ ಮಾಡಿ ಬಂದಾಂವ."

ಪ್ರಮಿಲಾಳ ಕಿವಿ ಬಿಸಿಯಾದವು. ಯುದ್ಧ ಕಂಡು ಬಂದವನಿಗೆ ತಾನು ಮೈಕಿನಲ್ಲಿ ಯುದ್ಧ ಕಲಿಸಿದ್ದಳು!

*

ಮರುದಿನ ಬೆಳಿಗ್ಗೆ ಅವಳು ಟೆಂಟಿನ ಹರಿದ ಬಟ್ಟೆಗೆ ದಬ್ಬಣದಿಂದ ಹೊಲಿಗೆ ಹಾಕುತ್ತಿದ್ದಾಗ ಅವನೇ ಬಂದ. ಹಗಲಿನಲ್ಲಿ ನೋಡಿದರೆ ಇಪ್ಪತ್ತೈದರ ಆಚೀಚೆಯ ಹುಡುಗ. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ನಿನ್ನೆ ನಡು ಆಟದಾಗ ಎದ್ದು ನಿಂತೆ. ತಪ್ಪಾತ್ರಿ."

"ನಿಮ್ದೇನು ತಪ್ಪಿಲ್ರಿ. ತಪ್ಪೆಲ್ಲಾ ನಿಮ್ಮ ನೆರಳಿಂದು. ಪಾಪ, ಅಷ್ಟು ಛಂದ ಕುಣ್ಯಾಕತ್ತಿದ್ರು, ಎಲ್ಲಾರ ಮ್ಯಾಲೂ ಬಿತ್ತು."

ಅವನು ನಗಬಾರದೆಂದು ತುಟಿ ಬಿಗಿದ. ಆದರೂ ಎಡಗೆನ್ನೆಯಲ್ಲಿ ಒಂದು ಗುಳಿ ಬಿದ್ದೇಬಿಟ್ಟಿತು. ಅದನ್ನು ನೋಡುತ್ತಾ ಪ್ರಮಿಲಾ ದಬ್ಬಣವನ್ನು ತನ್ನ ಬೆರಳಿಗೇ ಚುಚ್ಚಿಕೊಂಡಳು.

"ಅಯ್ಯ! ರಕ್ತ ಬರಾಕತ್ತದ," ಅವನು ಮುಂದೆ ಬಂದ.

"ಮಿಲ್ಟ್ರಿಯವ್ರು ಇಷ್ಟಕ್ಕ ಗಾಬ್ರಿ ಆಗ್ತಾರೇನ್ರಿ?"

"ನಮ್ಮ ರಕ್ತ ಆದ್ರ ಆಗಂಗಿಲ್ರಿ," ಅಂದ ಅವನು, ಮೆಲ್ಲಗೆ.

ಪ್ರಮಿಲಾ ತಲೆ ಎತ್ತುವುದರೊಳಗೆ ವತ್ಸಲಾಬಾಯಿ ಚಹಾದ ಕಪ್ಪು ಹಿಡಿದು ಹಾಜರಾಗಿದ್ದಳು. ಗಂಡ ಬಿಟ್ಟುಹೋದ ಟೆಂಟನ್ನು ಒಂಟಿಯಾಗಿ ನಡೆಸುತ್ತಿದ್ದ ಆ ಹೆಂಗಸಿಗೆ ಊರಿನ ನಾಡಿ ಗೊತ್ತಿತ್ತು. ಬೆಳಗಿನಿಂದ ಬಾವಿಕಟ್ಟೆಯ ಮೇಲೆ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಬೀರಣ್ಣ ಹೊಡೆದನೋ, ಬಿಟ್ಟನೋ?

"ನೋಡಪ್ಪಾ ವ್ಯಂಕಟೇಶ," ಅಂದಳು, "ಖರೆ ರೀಲು ಶನಿವಾರ ಬರ್ತದ. ಅಲ್ಲೀತನ ದಿನಾ ಇದೇ ಪಿಕ್ಚರ್ ಹಾಕ್ತೇನಿ. ಕಥಿ ಪಮ್ಮಿ ಹೇಳ್ಲಿ. ಬೀರಣ್ಣನ ಮಾತು ನೀ ಹೇಳು."

"ನಾನಾ? ನನಗ ಇಂಗ್ಲಿಷ್ ಬರಂಗಿಲ್ರಿ ಬಾಯೀ."

"ಇಂಗ್ಲಿಷ್ ಇಕಿಗೆ ಬರ್ತದ. ಬೀರಣ್ಣ ನಿನಗ ಗೊತ್ತದಾನ. ಇಬ್ಬರೂ ಕೂಡಿದ್ರ ಪಿಕ್ಚರ್ ಪೂರಾ ಆಗ್ತದ."

ಒಲ್ಲೆ ಅನ್ನಲು ಬಾಯಿ ತೆರೆದ ವ್ಯಂಕಟೇಶ ಪ್ರಮಿಲಾಳ ಕಡೆ ನೋಡಿದ. ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ಅವಳೂ ಅವನನ್ನೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿದ. ಚಹಾ ಕುಡಿದ.

*

ಎರಡನೆಯ ದಿನ ಟೆಂಟು ತುಂಬಿತು. ಮೂರನೆಯ ದಿನ ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದರು. ಜೇವರ್ಗಿಯಿಂದ ಹತ್ತಿ ಹೇರಿಕೊಂಡು ಹೊರಟಿದ್ದ ಲಾರಿಯವರು ಸಹ ದಾರಿ ಬಿಟ್ಟು ಬಂದು ಬೆಂಚಿಗೆ ಕೂತರು.

ಒಂದೇ ಮೈಕು. ಎರಡು ಸ್ಟೂಲು. ವ್ಯಂಕಟೇಶ ತನ್ನ ಮೊದಲ ದಿನ ಮೈಕಿನಿಂದ ಮಾರು ದೂರ ಕೂತು ಗೊಣಗಿದ್ದ, ಜನ "ಜೋರs... ಜೋರs..." ಎಂದು ಕೂಗಿದ್ದರು. ಪ್ರಮಿಲಾ ತನ್ನ ಸ್ಟೂಲನ್ನು ದರದರನೆ ಎಳೆದು ಅವನ ಪಕ್ಕಕ್ಕೆ ಹಾಕಿ ಮೈಕನ್ನು ಅವನ ಬಾಯಿಗೆ ಹಿಡಿದಳು. ಅಲ್ಲಿಂದ ಅದು ಅಲ್ಲೇ ಉಳಿಯಿತು. ಅವಳು ಮಾತಾಡುವಾಗ ಮೈಕು ಅವಳ ಕಡೆ ವಾಲುತ್ತಿತ್ತು, ಅವನು ಮಾತಾಡುವಾಗ ಅವನ ಕಡೆ. ನಡುವೆ ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಪರದೆಯನ್ನು ಇನ್ನೂ ಆಸ್ಥೆಯಿಂದ ನೋಡುತ್ತಿದ್ದರು.

ಅವನ ದನಿ ಏನು ದನಿ! ಬೀರಣ್ಣ ಚಳಿಯಲ್ಲಿ ಕಂದಕದೊಳಗೆ ಕೂತ ದೃಶ್ಯದಲ್ಲಿ ಅಡಿಯಲ್ಲಿ ಒಂದಕ್ಷರವೂ ಇರಲಿಲ್ಲ. ವ್ಯಂಕಟೇಶ ಮೆಲ್ಲಗೆ, "ಅವ್ವಾ, ಇಲ್ಲಿ ಭಾಳ ಥಂಡಿ ಅದ. ನೀ ಒಲಿ ಮುಂದ ಕೂತೀಯೇನು?" ಅಂದ.

ಹೆಂಗಸರ ಕಡೆಯಿಂದ ಮೂಗೆಳೆದುಕೊಳ್ಳುವ ಸದ್ದು ಕೇಳಿತು. ಪ್ರಮಿಲಾ ಮೈಕಿಗೆ ಅಂಗೈ ಮುಚ್ಚಿ ಪಿಸುಗುಟ್ಟಿದಳು. "ಅಡಿಯಾಗ ಹಂಗ ಬರದಿಲ್ಲಲ್ರಿ."

"ಬರದಿಲ್ಲಂದ್ರ ಏನಾತು? ಅಂವ ಮನಸಿನಾಗ ಅದನ್ನs ಅನ್ನಾಕತ್ತಾನ."

"ನೀವು ಹಿಂಗs ಅಂತಿದ್ರೇನು ಅಲ್ಲಿ?"

ಕತ್ತಲಲ್ಲಿ ಅವನ ಕಣ್ಣು ಅವಳ ಕಡೆ ತಿರುಗಿದವು. "ನಾ ರೊಟ್ಟಿ ನೆನಸತಿದ್ದೆ. ಎಣಗಾಯಿ."

ಮೈಕಿನಿಂದ ಅಂಗೈ ಜಾರಿತ್ತು. "ಎಣಗಾಯಿ" ಟೆಂಟಿನ ತುಂಬ ಮೊಳಗಿತು. ಯುದ್ಧದ ನಡುವೆ ಇಡೀ ಟೆಂಟು ಬಿದ್ದು ಬಿದ್ದು ನಕ್ಕಿತು. ನಾಚಿದ ವ್ಯಂಕಟೇಶ ತಲೆ ತಗ್ಗಿಸಿದಾಗ ಕೆನ್ನೆಯ ಗುಳಿ ಮತ್ತೆ ಕಂಡಿತು.

ದಿನವೂ ಬಂದೂಕು ಎತ್ತಿದಲ್ಲಿಗೆ ಆಟ ನಿಲ್ಲುತ್ತಿತ್ತು. ಊರು ಎರಡಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಹೋಟೆಲಿಟ್ಟಿದ್ದ ಪೈಲವಾನ ಪೀರಪ್ಪ 'ಹೊಡೀಬೇಕು' ಪಾರ್ಟಿಯ ಮುಖಂಡ. ಹೆಂಗಸರದೆಲ್ಲ 'ಬಿಡಬೇಕು' ಪಾರ್ಟಿ. ಗಂಡ ಹೆಂಡಿರ ನಡುವೆ ಮಾತು ಬಿಟ್ಟ ಮನೆಗಳೂ ಇದ್ದವು.

ವ್ಯಂಕಟೇಶ ಹೋಟೆಲಿಗೆ ಹೋದರೆ ಪೀರಪ್ಪ ತಾನೇ ಕುರ್ಚಿ ಒರೆಸಿ ಕೂರಿಸುತ್ತಿದ್ದ. "ಬರ್ರಿ ಹೀರೋ! ಖರೆ ಹೇಳ್ರಿ, ಎಷ್ಟ ಮಂದಿನ್ನ ಉಡಾಯಿಸೀರಿ?" ಹ್ಯಾಂಡಬಿಲ್ಲು ಅಂಟಿಸಲು ಬಂದಿದ್ದ ಪ್ರಮಿಲಾಗೂ ಈ ಮಾತು ಕೇಳಿಸಿತು. ವ್ಯಂಕಟೇಶ ಅರ್ಧ ಚಹಾ ಬಿಟ್ಟು ಎದ್ದುಹೋದದ್ದೂ ಕಂಡಿತು.

*

ಗುರುವಾರ ಹಳ್ಳಿಗಳಲ್ಲಿ ಪ್ರಚಾರಕ್ಕೆಂದು ಟಾಂಗಾ ಹೊರಟಿತು. ಹಗಲಿಗೆ ಪ್ರೊಜೆಕ್ಟರ್ ಬಿಟ್ಟು ಮುಂದೆ ಲಗಾಮು ಹಿಡಿದ ರಸೂಲ. ಹಿಂದೆ ಮೈಕು ಹಿಡಿದ ಪ್ರಮಿಲಾ ಮತ್ತು ಹ್ಯಾಂಡಬಿಲ್ಲು ಎಸೆಯಲು ವ್ಯಂಕಟೇಶ. ಎರಡೂ ಕಡೆ ಎದೆಮಟ್ಟ ಬೆಳೆದ ಬಿಳಿಜೋಳ. ಸಂಕ್ರಮಣ ಕಳೆದ ಬಿಸಿಲು ಹಿತವಾಗಿತ್ತು.

"ಬರ್ರಿ ಬರ್ರಿ! ಬೀರಣ್ಣ ಹೊಡೀತಾನೋ ಬಿಡ್ತಾನೋ! ಶನಿವಾರ ಕಣ್ಣಾರೆ ನೋಡ್ರಿ!" ಪ್ರಮಿಲಾ ಕೂಗುತ್ತಿದ್ದಳು. ಟಾಂಗಾ ಕುಲುಕಿದಾಗಲೆಲ್ಲ ಭುಜಕ್ಕೆ ಭುಜ ಬಡಿಯುತ್ತಿತ್ತು.

"ರಸ್ತಾ ಸರಿ ಇಲ್ಲ," ಅಂದ ವ್ಯಂಕಟೇಶ.

"ಹೌದ್ರಿ. ಭಾಳ ಖರಾಬ್ ರಸ್ತಾ," ಅಂದಳು ಪ್ರಮಿಲಾ. ಇಬ್ಬರೂ ಸರಿದು ಕೂರಲಿಲ್ಲ.

ಮುಂದಿನಿಂದ ರಸೂಲ, "ರಸ್ತಾ ಬರೋಬರ್ ಅದರಿ, ಘೋಡಾ ಖರಾಬ್ ಅದ," ಅಂದಾಗ ಪ್ರಮಿಲಾ ನಕ್ಕು ನಕ್ಕು ಮೈಕಿನ ವೈರು ಕಿತ್ತುಹಾಕಿದಳು.

ಮಧ್ಯಾಹ್ನ ಭೀಮೆಯ ದಂಡೆಗೆ ಬಂದರು. ರಸೂಲ ಕುದುರೆಗೆ ನೀರು ಕುಡಿಸಲು ಇಳಿದ. ಇವರಿಬ್ಬರೂ ಮರಳಿನ ಮೇಲೆ ಕೂತು ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ತಿಂದರು. ನೀರಿನಾಚೆ ಯಾರೋ ಬಟ್ಟೆ ಒಗೆಯುತ್ತಿದ್ದರು.

"ನಾಡದು ರೀಲ್ ಬರ್ತದ," ಅಂದಳು ಪ್ರಮಿಲಾ. "ಅಂವ ಹೊಡೀಲಿಲ್ಲ ಅಂತ ಅವತ್ತ ಅಷ್ಟ ಖಾತ್ರಿ ಹ್ಯಾಂಗ ಹೇಳಿದ್ರಿ?"

ಅವನು ಒಂದು ಹಿಡಿ ಮರಳು ತಗೊಂಡು, ನೀರಿನ ಕಡೆ ನೋಡುತ್ತಲೇ ಹೇಳಿದ.

ಅದು ಯುದ್ಧದ ನಾಲ್ಕಾರು ದಿನ ಕಳೆದ ಮೇಲಿನ ಒಂದು ನಸುಕು. ಜನ ಬಿಟ್ಟುಹೋದ ಒಂದು ಹಳ್ಳಿಯಲ್ಲಿ ಬಾವಿ ನೋಡಿ ಬರಲು ಅವನನ್ನು ಕಳಿಸಿದ್ದರು. ಬಾವಿಯ ಕಟ್ಟೆಯ ಮೇಲೆ ಒಬ್ಬ ವೈರಿ ಸಿಪಾಯಿ ಬೂಟು ಬಿಚ್ಚಿ, ರೈಫಲ್ ಪಕ್ಕಕ್ಕಿಟ್ಟು, ಕಾಲು ತೊಳೆದುಕೊಳ್ಳುತ್ತಿದ್ದ. ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲ.

"ನಾ ಬಂದೂಕ ಎತ್ತಿದೆ. ಅಂವ ಓಡಲಿಲ್ರಿ. ಕಣ್ಣ ಮುಚ್ಚಿ ತುಟಿ ಅಲುಗಿಸಿದ. ನಮ್ಮಪ್ಪ ದೇವರ ಮುಂದ ನಿಂತಾಗ ಹಂಗs ಮಾಡ್ತಾನ. ನನ್ನ ಬೆರಳ ಹಿಂದ ಬಂತು. 'ಹೋಗು' ಅಂತ ಕೈ ಮಾಡಿದೆ. ಬೂಟು, ರೈಫಲ್ ಎಲ್ಲಾ ಬಿಟ್ಟು ಓಡಿದ."

"ಆಮ್ಯಾಲ?"

"ಮರುದಿನ ಅದೇ ಕಡಿಂದ ಗುಂಡು ಬಂದವು. ನಮ್ಮವರು ಇಬ್ಬರು ಹೋದ್ರು. ಒಬ್ಬಾಂವ ನನ್ನ ತಾಟಿನಾಗ ಉಂಡಾಂವ." ಅವನು ಮುಷ್ಟಿಯಲ್ಲಿದ್ದ ಮರಳನ್ನು ಬಿಟ್ಟ. "ಅಂವನs ಹೊಡದನೋ, ಬ್ಯಾರೆಯವ್ರೋ, ಗೊತ್ತಿಲ್ಲ. ಗೊತ್ತಾಗೂದೂ ಇಲ್ಲ. ಊರಾಗ ಎಲ್ಲಾರೂ ಹೀರೋ ಅಂತಾರ. ಅಪ್ಪಗೂ ಹೇಳಿಲ್ಲ. ಬಿಟ್ಟದ್ದು ಪಾಪೋ, ಹೊಡೀತಿದ್ರ ಪಾಪೋ, ಇವತ್ತಿಗೂ ನನಗ ತಿಳಿದಿಲ್ರಿ."

ಪ್ರಮಿಲಾಗೆ ಅವನಿಗೆ ಸಮಾಧಾನ ಹೇಳಬೇಕೆನಿಸಿತು. ಹೇಳಬಹುದಾದ ಮಾತುಗಳೆಲ್ಲ ಸುಳ್ಳಾಗಿ ಕಂಡವು.

"ನನಗೂ ತಿಳೀವಲ್ದು," ಅಂದಳು ಕೊನೆಗೆ. "ಖರೆ ಹೇಳ್ಬೇಕಂದ್ರ ಯಾರಿಗೂ ತಿಳಿಯಂಗಿಲ್ಲ ಅನಸ್ತದ. ಆದ್ರ ಇದನ್ನ ನೀವೊಬ್ಬರೇ ಹೊತ್ತು ತಿರಗಬ್ಯಾಡ್ರಿ. ನನಗ ಹೇಳಿದ್ರಲ್ಲ, ಇನ್ನ ಅರ್ಧಾ ನಂದು."

ಅವನು ತಿರುಗಿ ಅವಳನ್ನು ನೋಡಿದ. ಇಷ್ಟು ದಿನ ಕದ್ದು ನೋಡಿದ್ದವನು ಮೊದಲ ಸಲ ನೆಟ್ಟಗೆ, ಹಗಲ ಬೆಳಕಿನಲ್ಲಿ, ಸಾಕೆನಿಸುವ ತನಕ ನೋಡಿದ. ಪ್ರಮಿಲಾಳ ಕೈಯಲ್ಲಿದ್ದ ರೊಟ್ಟಿಯ ಚೂರು ಬಾಯಿ ಸೇರುವುದನ್ನು ಮರೆತಿತ್ತು.

"ರವಿವಾರ ನನ್ನ ಸೂಟಿ ಮುಗೀತದ, ಮತ್ತ ಫೌಜಿಗೆ ಹೋಗಬೇಕು," ಅಂದ.

"ಗೊತ್ತದ್ರಿ," ಅಂದಳು. ಅವಳಿಗೆ ಗೊತ್ತಿರಲಿಲ್ಲ.

*

ಶನಿವಾರ ಬೆಳಗಿನ ಬಸ್ಸಿಗೆ ಡಬ್ಬಿ ಬಂತು. ಜನ ಬಸ್‌ಸ್ಟ್ಯಾಂಡಿಗೇ ಬಂದು ಅದನ್ನು ಮೆರವಣಿಗೆಯಲ್ಲಿ ಟೆಂಟಿಗೆ ತಂದರು. ರಸೂಲ ಡಬ್ಬಿ ತೆರೆದು ಸುರುಳಿ ಬಿಚ್ಚಿದ. ಪ್ರಮಿಲಾ ಫಿಲ್ಮಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿದಳು. ಸಣ್ಣ ಸಣ್ಣ ಚೌಕದೊಳಗೆ ಹುಲ್ಲಿನ ಅಟ್ಟ, ಹುಡುಗ, ಬೀರಣ್ಣ. ಇನ್ನಷ್ಟು ಬಿಚ್ಚಿದಳು. ಬಂದೂಕಿನ ಬಾಯಲ್ಲಿ ಬಿಳಿ ಹೊಗೆ.

ಹೊಡೆದಿದ್ದ.

ಅವಳು ವ್ಯಂಕಟೇಶನ ಅಕ್ಕನ ಮನೆಗೆ ಓಡಿದಳು. ಏದುಸಿರು ಬಿಡುತ್ತಾ ಅಂಗಳದಲ್ಲಿ ನಿಂತವಳನ್ನು ನೋಡಿ ಅವನಿಗೆ ಹೇಳದೆಯೇ ಅರ್ಥವಾಯಿತು.

"ಇವತ್ತ ನೀವು ಬರಬ್ಯಾಡ್ರಿ. ನಾ ಒಬ್ಬಾಕಿನೇ ಹೇಳ್ತೇನಿ."

"ಇಲ್ರಿ. ಬರ್ತೇನಿ." ಅವನ ಮುಖ ಬಿಳಿಚಿಕೊಂಡಿತ್ತು. "ಇಷ್ಟ ದಿನ ಅವನ ಜೋಡಿ ಇದ್ದೆ. ಈಗ ಹ್ಯಾಂಗ ಬಿಟ್ಟ ಹೋಗಲಿ?"

ಸಂಜೆಗೆ ಟೆಂಟಿನ ಬದಿಯ ಬಟ್ಟೆಗಳನ್ನು ಮೇಲೆ ಕಟ್ಟಬೇಕಾಯಿತು. ಒಳಗಿದ್ದಷ್ಟೇ ಜನ ಹೊರಗೂ ನಿಂತಿದ್ದರು. ಕೊನೆಯ ರೀಲು ಶುರುವಾದಾಗ ಒಂದು ಕೂಸೂ ಅಳಲಿಲ್ಲ.

ಬೀರಣ್ಣ ಬಂದೂಕು ಎತ್ತಿದ. ಕೆಳಗಿನಿಂದ ಕ್ಯಾಪ್ಟನ್ ಮತ್ತೊಮ್ಮೆ ಕೂಗಿದ. ಅಟ್ಟದ ಹುಡುಗ ಬಟಾಟೆಯನ್ನು ಬೀರಣ್ಣನ ಕಡೆ ಚಾಚಿದ, ತಿನ್ನು ಎನ್ನುವಂತೆ. ಢಂ!

"ಹೊಡದ! ಹೊಡದ!" ಪೀರಪ್ಪನ ಪಾರ್ಟಿ ಹಾರಿ ಎದ್ದಿತು. ಟವೆಲ್ಲುಗಳು ಮೇಲೆ ಹಾರಿದವು, ಸಿಳ್ಳೆಗಳು ಟೆಂಟನ್ನು ಸೀಳಿದವು.

ಪರದೆಯ ಮೇಲೆ ಚಿತ್ರ ಮಾತ್ರ ಅಲ್ಲಿಂದ ಕದಲಲಿಲ್ಲ. ಬೀರಣ್ಣ ಹುಲ್ಲಿನ ಮೇಲೆ ಕುಸಿದು ಕೂತ. ಸತ್ತ ಹುಡುಗನ ಕಾಲಿನ ಬಿಚ್ಚಿದ ಪಟ್ಟಿಯನ್ನು ಮತ್ತೆ ಸುತ್ತತೊಡಗಿದ. ಸುತ್ತುತ್ತಲೇ ಇದ್ದ. ಸಿಳ್ಳೆಗಳು ಒಂದೊಂದಾಗಿ ನಿಂತವು. ಎದ್ದವರು ಕೂತರು. ಅಡಿಯಲ್ಲಿ ಅಕ್ಷರ ಮೂಡಿತು.

"ಇಂವಗೂ... ನನ್ನಷ್ಟs ವಯಸ್ಸು..." ಪ್ರಮಿಲಾ ಓದಿದಳು. ಮೈಕು ವ್ಯಂಕಟೇಶನ ಕಡೆ ವಾಲಿತು.

ಅವನು ಅದನ್ನು ತನ್ನ ಕೈಗೆ ತೆಗೆದುಕೊಂಡು ಎದ್ದು ನಿಂತ.

"ಬೀರಣ್ಣ ಹೊಡದ್ರಿ. ನೀವೆಲ್ಲಾ ನೋಡಿದ್ರಿ. ಇನ್ನ ಇಂವ ಯಾವತ್ತೂ ನಿದ್ದಿ ಮಾಡಂಗಿಲ್ಲ." ಅವನು ಪರದೆಯಿಂದ ಜನರ ಕಡೆ ತಿರುಗಿದ. "ನಾ ಹೊಡೀಲಿಲ್ಲ. ಒಂದು ಬಾವಿ ಕಟ್ಟಿ ಮ್ಯಾಲ, ಇಂಥಾವನೇ ಒಬ್ಬ ಹುಡುಗನ್ನ ನಾ ಬಿಟ್ಟೆ. ನನಗೂ ನಿದ್ದಿ ಇಲ್ಲ. ಇಬ್ಬರದೂ ಒಂದೇ ಹಣೆಬರಹ. ಪೀರಪ್ಪಣ್ಣ, ನೀವು ದಿನಾ ಕೇಳ್ತಿದ್ರಿ, ಎಷ್ಟ ಮಂದಿನ್ನ ಅಂತ. ಹೀರೋ ಅನ್ನಬ್ಯಾಡ್ರಿ ನನಗ. ಇಷ್ಟs ಹೇಳೂದಿತ್ತು."

ರೀಲು ಮುಗಿಯಿತು. ಬಿಳಿ ಪರದೆಯ ಮುಂದೆ ಅವನೊಬ್ಬನೇ ನಿಂತಿದ್ದ.

ಪೀರಪ್ಪ ಎದ್ದ. ಮುಖ ಕೆಂಪಾಗಿತ್ತು. "ವೈರಿನ್ನ ಬಿಟ್ಟು ಬಂದ್ಯಾ? ದೇಶದ ಅನ್ನ ಉಂಡು?"

ಯಾರೋ "ಹೌದ್ ನೋಡು" ಅಂದರು. ಗುಜುಗುಜು ಏರಿತು. ಹಿಂದಿನಿಂದ ಒಂದು ಕೆಟ್ಟ ಬೈಗುಳವೂ ಬಂತು. ಪ್ರಮಿಲಾ ಎದ್ದು ಅವನ ಪಕ್ಕದಲ್ಲಿ ನಿಂತಳು. ಊರೆಲ್ಲ ನೋಡುತ್ತಿದೆ ಎಂಬುದು ಗೊತ್ತಿದ್ದೂ ಅವನ ತೋಳು ಹಿಡಿದಳು.

ಆಗ ಹೆಂಗಸರ ಪರದೆ ಸರಿಸಿ ಖುರ್ಷಿದ ಈಚೆ ಬಂದಳು. ಶೇಂಗಾದ ಬುಟ್ಟಿ ಇನ್ನೂ ಸೊಂಟದ ಮೇಲೇ ಇತ್ತು.

"ಪೀರಪ್ಪಾ, ಕೂಡ್ರು," ಅಂದಳು. "ನನ್ನ ಮಗನೂ ಫೌಜಿನಾಗ ಅದಾನ, ಗಡಿ ಮ್ಯಾಲ. ನಿಮ್ಮ ಮಕ್ಕಳ್ಯಾರೂ ಅಲ್ಲಿಲ್ಲ." ಆಮೇಲೆ ವ್ಯಂಕಟೇಶನ ಕಡೆ ತಿರುಗಿದಳು. "ಬೇಟಾ, ಆ ಹುಡುಗ ಬರಿಗಾಲಿಲೆ ಓಡಿದ ಅಂದಿ. ಮನಿ ಮುಟ್ಟಿರಬೇಕೇನು?"

ಬರಿಗಾಲಿನ ಮಾತನ್ನು ಅವನು ಮೈಕಿನಲ್ಲಿ ಹೇಳಿರಲೇ ಇಲ್ಲ. ಅವತ್ತು ಕುದುರೆಗೆ ನೀರು ಕುಡಿಸುತ್ತಾ ರಸೂಲ ಕೇಳಿಸಿಕೊಂಡು ಬಂದು ಹೇಳಿದ್ದನೋ ಏನೋ.

"ಗೊತ್ತಿಲ್ಲ ಖಾಲಾ," ಅಂದ ವ್ಯಂಕಟೇಶ.

"ಮುಟ್ಟಿರ್ತಾನ. ಅವನ ಅಮ್ಮಾ ನಿನ್ನ ಹೆಸರು ಗೊತ್ತಿಲ್ಲದೇ ನಿನಗ ದುವಾ ಮಾಡಿರ್ತಾಳ. ನನ್ನ ಮಗನ ಮುಂದ ಯಾವತ್ತರ ಯಾರರ ಬಂದೂಕ ಎತ್ತಿ ನಿಂತ್ರ, ಅಂವ ನಿನ್ನಂಥಾಂವ ಇರ್ಲಿ."

ಪೀರಪ್ಪ ನಿಂತೇ ಇದ್ದ. ಆಮೇಲೆ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೂತುಬಿಟ್ಟ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎದ್ದು ಹೋಗುವಾಗ ಒಬ್ಬೊಬ್ಬರಾಗಿ ಅವನ ಬಳಿ ಬಂದು, ಒಂದು ಗಳಿಗೆ ನಿಂತು, ಮುಂದೆ ಸರಿದರು. ಕೆಲವರು ಮುಖ ತಿರುಗಿಸಿಕೊಂಡೂ ಹೋದರು.

ಪ್ರಮಿಲಾ ಅವನ ತೋಳು ಬಿಟ್ಟಿರಲಿಲ್ಲ.

"ಬಿಡ್ರಿ ಇನ್ನ," ಅಂದ ಅವನು, ತಗ್ಗಿದ ದನಿಯಲ್ಲಿ. "ನಿಮ್ಮ ಮಾವಶಿ ನೋಡಾಕತ್ತಾರ."

"ನೋಡ್ಲಿ."

*

ರವಿವಾರ ಮುಂಜಾನೆಯ ಗಾಣಗಾಪುರದ ಬಸ್ಸು. ತಂದೆಗೆ ಎಲ್ಲವನ್ನೂ ತಾನೇ ಹೇಳಿ, ಸಂಜೆಯ ರೈಲು ಹಿಡಿಯುವುದೆಂದು ವ್ಯಂಕಟೇಶ ನಿರ್ಧರಿಸಿದ್ದ. ಟ್ರಂಕನ್ನು ಮೇಲೆ ಹಾಕಿಸಿ ಕಿಟಕಿಯ ಪಕ್ಕ ಕೂತು ಬಸ್‌ಸ್ಟ್ಯಾಂಡಿನ ಉದ್ದಗಲವನ್ನು ಮತ್ತೆ ಮತ್ತೆ ಹುಡುಕಿದ. ಅವಳು ಬಂದಿರಲಿಲ್ಲ. ಕಂಡಕ್ಟರ್ ಸೀಟಿ ಊದಿದ.

ಬಸ್ಸು ಹೊರಟು ಗಕ್ಕನೆ ನಿಂತಿತು. ಬಾಗಿಲು ತೆರೆಯಿತು. ಮೊದಲು ಕೈಚೀಲ ಹಿಡಿದ ವತ್ಸಲಾಬಾಯಿ ಹತ್ತಿದಳು. ಚೀಲದ ಬಾಯಲ್ಲಿ ತೆಂಗಿನಕಾಯಿ, ಹಸಿರು ಖಣದ ಅಂಚು. ಡ್ರೈವರನ ಹಿಂದಿನ ಸೀಟಿನಲ್ಲಿ ಗಟ್ಟಿಯಾಗಿ ಕೂತು, ಹಿಂದೆ ತಿರುಗಿಯೂ ನೋಡಲಿಲ್ಲ. ಅವಳ ಬೆನ್ನಿಗೆ ಪ್ರಮಿಲಾ. ಹಳದಿ ಸೀರೆ, ಓಡಿ ಬಂದ ಉಸಿರು, ಜಡೆಯಿಂದ ಜಾರುತ್ತಿದ್ದ ಅಬ್ಬಲಿಗೆ. ನೆಟ್ಟಗೆ ಬಂದು ಅವನ ಪಕ್ಕದಲ್ಲಿ ಕೂತಳು.

"ನೀವೆಲ್ಲಿ ಹೊಂಟೀರಿ?" ಅವನ ಬಾಯಿಂದ ಅಷ್ಟೇ ಹೊರಟಿತು.

"ಗಾಣಗಾಪುರಕ್ಕ."

"ದೇವರ ದರ್ಶನಕ್ಕೇನು?"

"ಪೂಜಾರಿಗೋಳ ದರ್ಶನಕ್ಕ. ನಿಮ್ಮಪ್ಪನ್ನ ಭೇಟಿ ಆಗಬೇಕು."

"ಅಪ್ಪಗ ಏನ್ ಹೇಳಾವ್ರು?"

ಪ್ರಮಿಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. ಮೈಕಿನ ಮುಂದೆ ಊರನ್ನೇ ನಗಿಸಿದ ನಾಲಿಗೆ ಈಗ ಕೈಕೊಟ್ಟಿತು.

"ನೀವು ಬಾವಿ ಮಾತು ಅಪ್ಪಗ ಹೇಳ್ರಿ. ನಾ ಬಾಜೂಕ ಕೂತಿರ್ತೇನಿ. ಅದು ಮುಗಿದ ಮ್ಯಾಲ ಮಾವಶಿ ಹೇಳ್ತಾಳ, ನಮ್ಮ ಹುಡುಗಿ ನಿಮ್ಮ ಮಗನ್ನ ಬಿಟ್ಟು ಯಾರನ್ನೂ ಲಗ್ನ ಆಗಂಗಿಲ್ಲ ಅಂತ ಹಟಾ ಹಿಡದಾಳ ಅಂತ."

ವ್ಯಂಕಟೇಶನ ಕಿವಿಯ ತುದಿಯಿಂದ ಕತ್ತಿನ ತನಕ ಕೆಂಪು ಇಳಿಯುವುದನ್ನು ಪ್ರಮಿಲಾ ಓರೆಗಣ್ಣಲ್ಲಿ ನೋಡಿದಳು.

"ನಾ ಮತ್ತ ಗಡಿಗೆ ಹೋಗಾಂವ ಪ್ರಮಿಲಾ. ಮುಂದ ಹ್ಯಾಂಗೋ ಏನೋ. ಮತ್ತೊಂದ ಸಲ ಅಂಥಾ ಹೊತ್ತು ಬಂದ್ರ ನಾ ಏನ್ ಮಾಡ್ತೇನೋ ನನಗs ಗೊತ್ತಿಲ್ಲ."

ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದಿದ್ದ. ಅದೊಂದರಲ್ಲೇ ಅವಳಿಗೆ ಧೈರ್ಯ ಬಂದುಬಿಟ್ಟಿತು.

"ಏನ್ ಮಾಡಿದ್ರೂ ತಿರುಗಿ ಬಂದು ನನಗ ಹೇಳ್ರಿ. ಬ್ಯಾರೆ ಏನೂ ಬ್ಯಾಡ."

"ನನ್ನನ್ನೊಂದು ಮಾತು ಕೇಳದs ಕಾಯಿ ಕಟಗೊಂಡು ಬಂದೀರಿ."

"ಈಗ ಕೇಳಾಕತ್ತೇನಲ್ರಿ. ನನ್ನ ಲಗ್ನ ಆಗ್ತೀರೇನು?"

ಬಸ್ಸು ಗುಂಡಿಗೆ ಬಿದ್ದು ಎದ್ದಿತು. ಕಿಟಕಿಗಳೆಲ್ಲ ಗಡಗಡಿಸಿದವು. ಆ ಗದ್ದಲದಲ್ಲಿ ಅವನು ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳಿದ. ಪ್ರಮಿಲಾಳ ಕಣ್ಣಿನಲ್ಲಿ ನೀರು ತುಂಬಿಕೊಂಡಿತು, ನಗುವೂ.

ಮುಂದಿನ ಸೀಟಿನಿಂದ, ತಲೆಯನ್ನು ಇಷ್ಟೂ ಹೊರಳಿಸದೆ, ವತ್ಸಲಾಬಾಯಿ ಕೂಗಿದಳು.

"ಇಲ್ಲೀತನ ಕೇಳಸಲಿಲ್ಲೋ ಅಪ್ಪಾ. ಏನಂದಿ?"

ವ್ಯಂಕಟೇಶ ಎದ್ದು ನಿಂತ. ಮೇಲಿನ ಸರಳು ಹಿಡಿದು, ಬಸ್ಸಿನಲ್ಲಿದ್ದವರೆಲ್ಲ ಹೊರಳಿ ನೋಡುವಷ್ಟು ದೊಡ್ಡ ದನಿಯಲ್ಲಿ ಹೇಳಿದ.

"ಆಗ್ತೇನಿ ಅಂದೆ ನೋಡ್ರಿ!"